ಮನೆಯ ಲೆಕ್ಕ ಮಕ್ಕಳಿಗೂ ಗೊತ್ತಿರಲಿ

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳ ಶರಣಬಂಧುಗಳು ಸೇರಿದ್ದ ಶಿವಾನುಭವ ಗೋಷ್ಠಿಯಲ್ಲಿ ರೈತರೊಬ್ಬರು ಆಡಿದ ಮಾತುಗಳ ಬರಹರೂಪ)

 

ನಾನು ಭಾಷಣ ಮಾಡುವವನಲ್ಲ. ಪಿರಿಯಾಪಟ್ಟಣ ತಾಲ್ಲೂಕಿನವನು. ನಮ್ಮ ಹೊಲದಲ್ಲಿ ನಿಂತರೆ ಬೆಟ್ಟದಪುರದ ಬೆಟ್ಟ ಕಾಣುತ್ತದೆ. ಒಂದು ಬ್ಯಾರನ್ ಇದೆ, ಎರಡು ಹಸು ಇವೆ. ‘ಮಕ್ಕಳಿಗೆ ಹಣದ ವಿಚಾರ ಹೇಳಿಕೊಡುವುದು’ ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಪೂಜ್ಯರು ಹೇಳಿದಾಗ, ‘ಬುದ್ಧಿ, ನಾನೇ ಈ ವಿಚಾರದಲ್ಲಿ ಎಡವಿದವನು’ ಎಂದೆ. ‘ಎಡವಿದ್ದನ್ನೇ ಹೇಳಿ, ಸಾಕು’ ಎಂದರು. ಅದನ್ನೇ ಹೇಳುತ್ತೇನೆ.

ನಮ್ಮ ಹುಡುಗನಿಗೆ ಹೋದ ಜನವರಿಯಲ್ಲಿ ಹದಿನಾರು ವರ್ಷ. ಹುಣಸೂರಿನಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದ. ಹೊಗೆಸೊಪ್ಪಿನ ಹರಾಜು ನಡೆಯುತ್ತಿದ್ದ ಕಾಲ. ಹರಾಜಿನ ದುಡ್ಡು ಈಗ ನೇರ ಬ್ಯಾಂಕಿನ ಖಾತೆಗೆ ಬರುತ್ತದೆ. ಫೋನಿನಲ್ಲಿ ಹಣ ಕಳಿಸುವುದು, ಬಂದದ್ದನ್ನು ನೋಡುವುದು ನನಗೆ ಸರಿಯಾಗಿ ಬರುವುದಿಲ್ಲ. ಪಿನ್ ನಂಬರನ್ನು ಮಗನಿಗೆ ನಾನೇ ಹೇಳಿದ್ದೆ. ಗೊಬ್ಬರದ ಅಂಗಡಿಗೆ ಕಳಿಸಬೇಕಾದರೂ ಅವನೇ, ಕರೆಂಟ್ ಬಿಲ್ಲಿಗೂ ಅವನೇ.

ಒಂದು ದಿನ ಸೌದೆಯವರಿಗೆ ಬಾಕಿ ಕೊಡಲು ಬ್ಯಾಂಕಿಗೆ ಹೋದೆ. ಖಾತೆಯಲ್ಲಿ ನನ್ನ ಅಂದಾಜಿಗಿಂತ ಕಡಿಮೆ ಇತ್ತು. ಪಾಸ್‌ಬುಕ್ ಪ್ರಿಂಟ್ ಮಾಡಿಸಿದೆ. ಇನ್ನೂರು, ಐನೂರು, ಎರಡು ಸಾವಿರ ಹೀಗೆ ಎರಡು ತಿಂಗಳಲ್ಲಿ 27,400 ರೂಪಾಯಿ ಹೋಗಿತ್ತು. ದುಡ್ಡಿಟ್ಟು ಆಡುವ ಫೋನಿನ ಆಟ. ಮೊದಲು 1,800 ಗೆದ್ದನಂತೆ. ಹಳೇ ಬೈಕು ಒಂದನ್ನು ಕೊಳ್ಳುವಷ್ಟು ಗೆದ್ದು ನಿಲ್ಲಿಸಿಬಿಡೋಣ ಅಂದುಕೊಂಡನಂತೆ. ಆಮೇಲೆ ಹೋದದ್ದನ್ನು ವಾಪಸು ತರಲು ಆಡಿದ. ಅದೂ ಹೋಯಿತು.

ನಾನು ಮನೆಗೆ ಬಂದು ಕೈ ಎತ್ತಿದೆ. ಹದಿನಾರು ವರ್ಷದ ಮಗನಿಗೆ, ಅವರವ್ವನ ಎದುರಿಗೆ. ಬಾಯಿಗೆ ಬಂದದ್ದೂ ಆಡಿದೆ. ‘ನೀನು ಹುಟ್ಟದೇ ಇದ್ದಿದ್ದರೆ ಚೆನ್ನಾಗಿತ್ತು’ ಎಂದೆ. ಈ ಮಾತನ್ನು ಈ ಸನ್ನಿಧಿಯಲ್ಲಿ ಹೇಳಲು ನಾಚಿಕೆಯಾಗುತ್ತದೆ. ಆದರೆ ಹೇಳದೆ ಮುಂದೆ ಹೋದರೆ ನಾನು ಇಲ್ಲಿ ಬಂದದ್ದು ಸುಳ್ಳಾಗುತ್ತದೆ.

ಅವತ್ತು ರಾತ್ರಿ ಅವನು ಊಟಕ್ಕೆ ಬರಲಿಲ್ಲ. ಒಂಬತ್ತಾಯಿತು, ಹತ್ತಾಯಿತು. ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ. 2015ರಲ್ಲಿ ನಮ್ಮ ಸೀಮೆಯ ಹೊಗೆಸೊಪ್ಪು ಬೆಳೆಗಾರರ ಮನೆಗಳಲ್ಲಿ ಆದ ಸಾವುಗಳನ್ನು ಇಲ್ಲಿರುವ ಯಾರೂ ಮರೆತಿಲ್ಲ. ಅವರೂ ದುಡ್ಡಿನ ಲೆಕ್ಕಕ್ಕೇ ಹೋದವರು. ನನ್ನ ಹೆಂಡತಿ ಏನೂ ಮಾತಾಡದೆ ಟಾರ್ಚ್ ತೆಗೆದುಕೊಂಡು ಬಾವಿಯ ಕಡೆ ಹೊರಟಳು. ಅವಳು ಬಾವಿಯ ಕಡೆ ಯಾಕೆ ಹೊರಟಳೆಂದು ತಿಳಿದಾಗ ನನ್ನ ಕಾಲಿನ ಬಲವೇ ಹೋಯಿತು.

ಅವನು ಸಿಕ್ಕಿದ್ದು ಬ್ಯಾರನ್ನಿನ ಒಳಗೆ. ಸೀಸನ್ ಮುಗಿದು ತಣ್ಣಗಿದ್ದ ಬ್ಯಾರನ್. ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ. ಅವರವ್ವ ಹೋಗಿ ಪಕ್ಕದಲ್ಲಿ ಕೂತಳು. ನಾನೂ ಕೂತೆ. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಾನು ಹೇಳಿದೆ: ‘ಮಗಾ, ನಾನು ಆಡಬಾರದ ಮಾತು ಆಡಿದೆ. ದುಡ್ಡು ಹೋದರೆ ಇನ್ನೊಂದು ಬೆಳೆಗೆ ಬರುತ್ತೆ. ನೀನು ಹೋದರೆ ನಾವು ಯಾವ ಹರಾಜಿನಲ್ಲಿ ತರೋಣ?’ ಅವನು ಅತ್ತ. ನಾನು ಅವನಿಗೆ ಹಣದ ಬಗ್ಗೆ ಹೇಳಿದ ಮೊದಲ ಮಾತು ಅದೇ. ನಿಮಗೂ ಅದನ್ನೇ ಮೊದಲು ಹೇಳುತ್ತೇನೆ. ಮಕ್ಕಳು ಎಷ್ಟೇ ಕಳೆದಿರಲಿ, ಅವತ್ತೇ ಬಂದು ಮನೆಯಲ್ಲಿ ಹೇಳುವ ಧೈರ್ಯ ಅವರಿಗಿರಬೇಕು. ಆ ಧೈರ್ಯವನ್ನು ನಾವೇ ಕೊಡಬೇಕು, ಅದೂ ತಪ್ಪು ಆಗುವುದಕ್ಕೆ ಮೊದಲೇ.

ಮಾರನೆಯ ದಿನ ಭಾನುವಾರ. ಇಬ್ಬರೂ ಜಗುಲಿಯ ಮೇಲೆ ಕೂತೆವು. ‘ಒಂದು ನೋಟ್‌ಬುಕ್ ತಗೊಂಡು ಬಾ, ಈ ದುಡ್ಡು ಯಾವ ದುಡ್ಡು ಅಂತ ಹೇಳ್ತೀನಿ’ ಎಂದೆ. ಹದಿನಾರು ವರ್ಷದಲ್ಲಿ ನಾನು ಅವನಿಗೆ ಮನೆಯ ಲೆಕ್ಕ ಹೇಳಿದ್ದು ಅದೇ ಮೊದಲು.

ಅವನು ಬರೆದುಕೊಂಡದ್ದನ್ನು ಓದುತ್ತೇನೆ. ಹರಾಜಿನಲ್ಲಿ ಬಂದದ್ದು 4,10,000. ಸೌದೆಗೆ 70,000. ಕೂಲಿಗೆ 95,000. ಗೊಬ್ಬರಕ್ಕೆ 60,000. ಸಸಿ ಮಡಿ, ಉಳುಮೆ, ಔಷಧಿಗೆ 25,000. ಬ್ಯಾರನ್ ದುರಸ್ತಿಗೆ 10,000. ಖರ್ಚು ಒಟ್ಟು 2,60,000. ಉಳಿದದ್ದು ಒಂದೂವರೆ ಲಕ್ಷ. ಇದರಲ್ಲಿ ನನ್ನ ಕೂಲಿ ಇಲ್ಲ, ಅವರವ್ವನ ಕೂಲಿ ಇಲ್ಲ, ರಾತ್ರಿಯೆಲ್ಲ ಬೆಂಕಿ ಕಾದದ್ದಕ್ಕೆ ಲೆಕ್ಕವಿಲ್ಲ.

ಬ್ಯಾರನ್ ಇರುವವರಿಗೆ ಇದು ಗೊತ್ತು. ಕೆ.ಆರ್.ನಗರದ ಕಡೆಯ ಭತ್ತದವರಿಗೆ, ಕೋಟೆ ಕಡೆಯ ಹತ್ತಿ, ಬಾಳೆಯವರಿಗೆ ಒಂದು ಮಾತು. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಆರದಂತೆ, ಹೆಚ್ಚದಂತೆ ನೋಡಿಕೊಳ್ಳಬೇಕು. ಕಾವು ಸ್ವಲ್ಪ ಏರುಪೇರಾದರೂ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ಬೆಲೆ ಹೋಗುತ್ತದೆ. ಬೆಳೆ ಯಾವುದೇ ಇರಲಿ, ನಮ್ಮೆಲ್ಲರ ಕಥೆ ಒಂದೇ. ದುಡಿಮೆ ವರ್ಷವಿಡೀ, ದುಡ್ಡು ಮಾತ್ರ ಎರಡು ಮೂರು ತಿಂಗಳು. ಮಕ್ಕಳ ಕಣ್ಣಿಗೆ ಬೀಳುವುದು ದುಡ್ಡು ಬಂದ ದಿನ. ಫೋನಿಗೆ ಒಂದು ಲಕ್ಷ ಬಂತೆಂದು ಮೆಸೇಜು ಬಂದಾಗ ಅದರ ಹಿಂದೆ ಎಷ್ಟು ಜನರ ಬಾಕಿ ನಿಂತಿದೆ ಎಂದು ಮೆಸೇಜು ಬರುವುದಿಲ್ಲ. 2023ರಲ್ಲಿ ಶುಂಠಿಯ ಬೆಲೆ ಆಕಾಶಕ್ಕೆ ಏರಿದಾಗ ನಮ್ಮ ಕಡೆ ಎಷ್ಟು ಜನ ಹೊಲದ ತುಂಬ ಶುಂಠಿ ಹಾಕಿದರು, ಬೆಲೆ ಇಳಿದಾಗ ಎಷ್ಟು ಜನ ತಲೆಯ ಮೇಲೆ ಕೈಹೊತ್ತು ಕೂತರು ಎಂಬುದನ್ನೂ ನೋಡಿದ್ದೀವಿ. ಫೋನಿನ ಆಟಕ್ಕೂ ಇದಕ್ಕೂ ತುಂಬಾ ದೂರವೇನೂ ಇಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಲೆಕ್ಕಕ್ಕೆ ಬರುತ್ತೇನೆ. ಒಂದೂವರೆ ಲಕ್ಷ ಉಳಿಯಿತು ಎಂದು ಬರೆದ ಮೇಲೆ ಹುಡುಗ ಕೇಳಿದ: ‘ಇಷ್ಟೂ ನಮ್ಮದೇನಾ ಅಪ್ಪಾಜಿ?’

ನಾನು ಸುಮ್ಮನಾದೆ. ಒಳಗಿನಿಂದ ಅವರವ್ವ ಹೇಳಿದಳು: ‘ಬಡ್ಡಿದೂ ಹೇಳಿ. ಅರ್ಧ ಲೆಕ್ಕ ಯಾಕೆ ಹೇಳ್ತೀರಿ?’

2022ರ ಫೆಬ್ರುವರಿಯಲ್ಲಿ ಮಗಳ ಮದುವೆ ಮಾಡಿದೆ. ಕಲ್ಯಾಣ ಮಂಟಪ, ಹೂವಿನ ಮಂಟಪ, ವಾಲಗ, ಫೋಟೋದವರು, ಎಲೆಗೆ ಹದಿನೆಂಟು ಬಗೆ. ಏಳು ಲಕ್ಷ ಖರ್ಚು. ಕೈಯಲ್ಲಿದ್ದದ್ದು ಮೂರು. ಹೆಂಡತಿಯ ಚಿನ್ನವನ್ನು ಬ್ಯಾಂಕಿನಲ್ಲಿ ಗಿರವಿ ಇಟ್ಟು ಒಂದೂವರೆ ಲಕ್ಷ ತಂದೆ. ಇನ್ನು ಎರಡೂವರೆ ಲಕ್ಷ ಕೈಸಾಲ, ಮೂರು ರೂಪಾಯಿ ಬಡ್ಡಿ. ಬೀಗರು ಇಷ್ಟು ಕೇಳಿರಲಿಲ್ಲ. ಮಗಳೂ ಕೇಳಿರಲಿಲ್ಲ. ‘ಅಪ್ಪಾಜಿ, ಮಠದಲ್ಲಿ ಸರಳವಾಗಿ ಆಗೋಣ’ ಎಂದಿದ್ದಳು. ಸುತ್ತೂರಿನ ಜಾತ್ರೆಯಲ್ಲಿ ವರ್ಷವೂ ಸಾಮೂಹಿಕ ವಿವಾಹ ನಡೆಯುವುದು ನಮಗೆ ಗೊತ್ತಿಲ್ಲದ್ದಲ್ಲ. ‘ಊರಿನವರು ಏನಂತಾರೆ’ ಎಂದು ನಾನೇ ಬೇಡವೆಂದೆ.

ಮಗ ಬರೆದುಕೊಂಡ. ಎರಡೂವರೆ ಲಕ್ಷಕ್ಕೆ ತಿಂಗಳಿಗೆ ನೂರಕ್ಕೆ ಮೂರು, ಅಂದರೆ 7,500. ವರ್ಷಕ್ಕೆ 90,000. ಚಿನ್ನದ ಸಾಲದ ಬಡ್ಡಿ ವರ್ಷಕ್ಕೆ 15,000. ಒಂದೂವರೆ ಲಕ್ಷದಲ್ಲಿ ಇವೆರಡನ್ನೂ ಕಳೆದ. ಉಳಿದದ್ದು 45,000. ಅದರಲ್ಲಿ ಇವನ ಫೀಸು, ಬಸ್ಸು, ಬಟ್ಟೆ, ಆಸ್ಪತ್ರೆ. ಮನೆ ನಡೆಯುವುದು ಡೇರಿಗೆ ಹಾಕುವ ಹಾಲಿನಿಂದ ಮತ್ತು ಹೊಲದ ರಾಗಿಯಿಂದ.

‘ನಾನು ಕಳೆದದ್ದು ಇದರಲ್ಲಿ ಅರ್ಧಕ್ಕಿಂತ ಜಾಸ್ತಿ’ ಎಂದ. ಮುಖ ಸಣ್ಣದಾಯಿತು. ಹೊಡೆತದಿಂದ ಆಗದ್ದು ಆ ಒಂದು ಕಳೆಯುವ ಲೆಕ್ಕದಿಂದ ಆಯಿತು.

ಆದರೆ ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. ಅವನು ಇನ್ನೊಂದು ಗುಣಾಕಾರ ಮಾಡಿದ. ಮೂರು ವರ್ಷಕ್ಕೆ ತೊಂಬತ್ತು ಸಾವಿರದಂತೆ 2,70,000. ‘ಅಪ್ಪಾಜಿ, ಈ ಸಲದ್ದೂ ಕೊಟ್ಟರೆ ತಂದಿದ್ದಕ್ಕಿಂತ ಜಾಸ್ತಿ ಬಡ್ಡೀನೇ ಕೊಟ್ಟಂಗಾಯ್ತು. ಅಸಲು ಇನ್ನೂ ಹಂಗೇ ಇದೆ.’ ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಹೇಳಿದ: ‘ನಾನು ಕಳೆದಿದ್ದು ನಾಲ್ಕು ತಿಂಗಳ ಬಡ್ಡಿಯಷ್ಟೂ ಇಲ್ಲ.’

ಮತ್ತೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನು ಹೇಳಿದ್ದು ನಿಜ. ಅವನು ಬೈಕಿನ ಆಸೆಗೆ ಆಡಿದ, ನಾನು ಹೆಸರಿನ ಆಸೆಗೆ ಆಡಿದೆ. ‘ಹೌದು ಮಗಾ, ನನ್ನದೂ ತಪ್ಪೇ. ಆದರೆ ನನ್ನ ತಪ್ಪು ದೊಡ್ಡದು ಅಂತ ನಿನ್ನದು ಸರಿಯಾಗಲ್ಲ’ ಎಂದೆ. ಅದಕ್ಕೂ ಅವನು ಒಪ್ಪಿದ.

ಶರಣಬಂಧುಗಳೇ, ಆಯ್ದಕ್ಕಿ ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ವಾಪಸು ಸುರಿದು ಬನ್ನಿ ಎಂದರು. ಈ ಕಥೆಯನ್ನು ನಾನು ಇದೇ ಮಠದಲ್ಲಿ ಎಷ್ಟು ಸಲ ಕೇಳಿದ್ದೇನೋ! ಪ್ರತಿ ಸಲವೂ ಅದು ಅಕ್ಕಿಯ ಕಥೆ ಅಂದುಕೊಂಡೆ. ಅವತ್ತು ನನ್ನ ಹೆಂಡತಿ ಒಳಗಿನಿಂದ ‘ಅರ್ಧ ಲೆಕ್ಕ ಯಾಕೆ ಹೇಳ್ತೀರಿ’ ಎಂದಾಗ ತಿಳಿಯಿತು. ಮನೆಯಲ್ಲಿ ಲೆಕ್ಕ ಕೇಳುವ ಹಕ್ಕು ಹೆಂಡತಿಗಿತ್ತು, ಕೇಳಿದರೆ ತಿದ್ದಿಕೊಳ್ಳುವ ಗುಣ ಗಂಡನಿಗಿತ್ತು. ಆ ಕಥೆಯಲ್ಲಿ ಅದೂ ಇದೆ. ನಮ್ಮ ಮನೆಗಳಲ್ಲಿ ಹೆಂಗಸರಿಂದ ಸಾಲದ ಪತ್ರಕ್ಕೆ ಸಹಿ ಮಾಡಿಸುತ್ತೀವಿ, ಲೆಕ್ಕ ಮಾತ್ರ ಹೇಳುವುದಿಲ್ಲ. ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ ಎಲ್ಲ ಅವರ ಹೆಸರಿನಲ್ಲೇ. ಕಂತು ಕೇಳಲು ಬಂದವರು ಬಾಗಿಲಲ್ಲಿ ನಿಂತಾಗ ಅವಮಾನವೂ ಅವರಿಗೇ. 2025ರ ಆರಂಭದಲ್ಲಿ ನಮ್ಮ ಜಿಲ್ಲೆಯಲ್ಲೂ ಪಕ್ಕದ ಚಾಮರಾಜನಗರದಲ್ಲೂ ಕಂತಿನವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರನ್ನು ಪತ್ರಿಕೆಗಳಲ್ಲಿ ನೋಡಿದಿರಿ. 2025ರ ಫೆಬ್ರುವರಿ 12ರಂದು ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದು ಮಾಡಿತು. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೂ ಅದೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕಾಯಿದೆ ಮಾಡಿ ನಿಷೇಧಿಸಿದೆ. ಒಳ್ಳೆಯದೇ.

ಆದರೆ ನಮ್ಮ ಹುಣಸೂರಿನ ಮಣ್ಣಿನವರೇ ಆದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ 1976ರಲ್ಲೇ ಋಣ ಪರಿಹಾರ ಕಾಯಿದೆ ಬಂತು. ಸಣ್ಣ ರೈತರು, ಕೂಲಿಕಾರರು ಲೇವಾದೇವಿಯವರ ಹಿಡಿತದಿಂದ ಬಿಡಿಸಿಕೊಂಡರು. ಐವತ್ತು ವರ್ಷವಾಗುತ್ತಾ ಬಂತು, ನಾವು ಮತ್ತೆ ಅದೇ ಜಗುಲಿಯ ಮುಂದೆ ನಿಂತಿದ್ದೀವಿ. ಆಗಿನವರು ಹೊಟ್ಟೆಗಿಲ್ಲದೆ ಸಾಲ ಮಾಡಿದರು. ನಾನು ಮಾಡಿದ್ದು ಹೂವಿನ ಮಂಟಪಕ್ಕೆ. ಇದಕ್ಕೆ ಯಾವ ಕಾಯಿದೆ ತರುವುದು?

ಹಾಗೆಂದು ಸಾಲವೇ ಪಾಪ ಎಂದು ಮಗನಿಗೆ ಹೇಳಲಿಲ್ಲ. ನಮ್ಮದೇ ನಾಡಿನ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದೇ ರೈತನಿಗೆ ನ್ಯಾಯವಾದ ಸಾಲ ಸಿಗಲೆಂದು. ಇವತ್ತು ಸಹಕಾರ ಸಂಘದಲ್ಲಿ ಐದು ಲಕ್ಷದವರೆಗೆ ಬೆಳೆ ಸಾಲಕ್ಕೆ, ಸಮಯಕ್ಕೆ ಕಟ್ಟಿದರೆ, ಬಡ್ಡಿಯೇ ಇಲ್ಲ. ಬೆಳೆಗೆ ಬೇಕಾದದ್ದನ್ನು ಅಲ್ಲಿ ತೆಗೆದುಕೊಳ್ಳಬೇಕು, ಬೆಳೆಗೇ ಹಾಕಬೇಕು. ಮೂರು ರೂಪಾಯಿ ಬಡ್ಡಿ ಎಂದರೆ ಕಿವಿಗೆ ಸಣ್ಣದು. ವರ್ಷಕ್ಕೆ ನೂರಕ್ಕೆ ಮೂವತ್ತಾರು. ಬಡ್ಡಿ ಕಟ್ಟದೆ ಅಸಲಿಗೆ ಸೇರಿಸುತ್ತಾ ಹೋದರೆ ಎರಡೇ ವರ್ಷಕ್ಕೆ ಸಾಲ ಎರಡರಷ್ಟು. ಈ ಲೆಕ್ಕವನ್ನು ಅವನೇ ಕ್ಯಾಲ್ಕುಲೇಟರಿನಲ್ಲಿ ಮಾಡಿ ನನಗೆ ತೋರಿಸಿದ. ಓದಿಸಿದ್ದಕ್ಕೆ ಅಷ್ಟಾದರೂ ಲಾಭವಾಯಿತು.

ಇನ್ನೂ ಮೂರು ಮಾತು ಹೇಳಿದೆ. ಒಂದು, ಗೆಳೆಯ ಎಂದು ಯಾರ ಸಾಲಕ್ಕೂ ಜಾಮೀನು ನಿಲ್ಲಬೇಡ. ಕೈಲಾದರೆ ಕೈಯಲ್ಲಿದ್ದದ್ದನ್ನು ಕೊಟ್ಟು ಮರೆತುಬಿಡು. ಎರಡು, ನಿನ್ನ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ ಎಂದು ಕಾಲೇಜು ಹುಡುಗರನ್ನು ಹುಡುಕಿಕೊಂಡು ಬರುವವರಿದ್ದಾರೆ. ಮೋಸದ ದುಡ್ಡು ನಿನ್ನ ಖಾತೆಯಲ್ಲಿ ಹಾದು ಹೋದರೆ ಪೊಲೀಸರು ಬರುವುದು ನಿನ್ನ ಮನೆಗೆ. ದುಡಿಯದೆ ಬರುತ್ತೆ ಎಂದವರ ಹತ್ತಿರ ನಿಲ್ಲಬೇಡ. ಮೂರು, ದಾಸೋಹ ಮಾಡಲು ಶ್ರೀಮಂತನಾಗುವವರೆಗೆ ಕಾಯಬೇಡ. ನೂರು ದುಡಿದರೆ ಐದು ತೆಗೆದಿಡು. ನಾನು ಮದುವೆಯಲ್ಲಿ ಹದಿನೆಂಟು ಬಗೆ ಬಡಿಸಿದ್ದನ್ನು ಬಹಳ ದಿನ ದಾಸೋಹ ಎಂದೇ ತಿಳಿದಿದ್ದೆ. ಉಂಡವರೆಲ್ಲ ಹೊಟ್ಟೆ ತುಂಬಿದವರು. ಅರ್ಧ ಎಲೆ ಗುಂಡಿಗೆ ಹೋಯಿತು. ನಮ್ಮ ಹೊಲದಲ್ಲಿ ಸೊಪ್ಪು ಮುರಿಯುವ ಹೆಣ್ಣುಮಕ್ಕಳನ್ನು ಕೊನೆಯ ಪಂಕ್ತಿಗೆ ಕೂರಿಸಿದ್ದೆವು. ಅವತ್ತು ಅದು ನನಗೆ ತಪ್ಪೆನಿಸಲಿಲ್ಲ.

ಹುಡುಗ ಒಂದು ಪ್ರಶ್ನೆ ಕೇಳಿದ. ಅದನ್ನೂ ಮುಚ್ಚಿಡುವುದಿಲ್ಲ. ‘ಸಿಗರೇಟಿನ ಪ್ಯಾಕಿನ ಮೇಲೆ ಕ್ಯಾನ್ಸರಿನ ಚಿತ್ರ ಹಾಕ್ತಾರೆ. ಆ ಸೊಪ್ಪು ಬೆಳೆಯೋರು ನಾವು. ಇದು ಸತ್ಯಶುದ್ಧ ಕಾಯಕನಾ ಅಪ್ಪಾಜಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ‘ಬೆವರು ಸತ್ಯವಾದದ್ದು, ಬೆಳೆಯ ಬಗ್ಗೆ ನೀನು ಕೇಳಿದ್ದು ಸರಿ. ಸಾಲ ಇರುವವರೆಗೆ ಬೆಳೆ ಬಿಡಲು ನನಗೆ ಧೈರ್ಯ ಬರೋದಿಲ್ಲ’ ಎಂದೆ. ಸಾಲ ಇರುವವನಿಗೆ ತನ್ನ ಕಾಯಕವನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇರುವುದಿಲ್ಲ. ಇದು ನನಗೆ ತಿಳಿದದ್ದು ಮಗನ ಪ್ರಶ್ನೆಯಿಂದ. ಈ ವರ್ಷ ಅರ್ಧ ಎಕರೆಗೆ ಹಿಪ್ಪುನೇರಳೆ ಹಾಕಿದ್ದೀನಿ. ನೋಡಬೇಕು.

ಆಮೇಲೆ ಏನಾಯಿತೆಂದು ಕೇಳುತ್ತೀರಿ. ‘ಬ್ಯಾಂಕಿನ ಬೀರುವಿನಲ್ಲಿರೋ ಚಿನ್ನ ನನ್ನ ಕೊರಳಿಗೂ ಇಲ್ಲ, ಸಾಲಕ್ಕೂ ಇಲ್ಲ. ಬಿಡಿಸಿ ಮಾರಿ, ಮೂರು ರೂಪಾಯಿ ಬಡ್ಡಿ ನಿಲ್ಲಿಸಿ’ ಎಂದಳು ನನ್ನ ಹೆಂಡತಿ. ಚಿನ್ನದ ಬೆಲೆ ಏರಿತ್ತು. ಬ್ಯಾಂಕಿನದು ತೀರಿ, ಕೈಸಾಲದಲ್ಲಿ ಎರಡು ಲಕ್ಷ ತೀರಿತು. ಇನ್ನು ಐವತ್ತು ಸಾವಿರ ಇದೆ. ಈ ಸೀಸನ್ನಿನಲ್ಲಿ ತೀರಿಸಬೇಕು. ಅವಳ ಮೈಮೇಲೆ ಈಗ ಇಷ್ಟಲಿಂಗ, ತಾಳಿ, ಕಿವಿಯ ಓಲೆ, ಇಷ್ಟೇ ಇರುವುದು. ಅವಳು ಒಂದು ದಿನವೂ ಅದನ್ನು ಎತ್ತಿ ಆಡಿಲ್ಲ. ಆಡದೆ ಇದ್ದರೂ ನನಗೆ ಕೇಳಿಸುತ್ತದೆ.

ಹುಡುಗ ಈಗ ದ್ವಿತೀಯ ಪಿಯುಸಿ. ಭಾನುವಾರ ಸೊಪ್ಪು ವಿಂಗಡಿಸಲು ಕೂರುತ್ತಾನೆ. ಆಳಿಗೆ ಕೊಡುವ ಕೂಲಿಯನ್ನೇ ಅವನಿಗೂ ಕೊಡುತ್ತೀನಿ. ಅದನ್ನು ಅಂಚೆ ಕಚೇರಿಯ ಆರ್.ಡಿ.ಗೆ ಕಟ್ಟುತ್ತಾನೆ. 27,400 ಪೂರ್ತಿಯಾದ ದಿನ ಮನೆಗೆ ಕೊಡುತ್ತೇನೆ ಅಂದಿದ್ದಾನೆ. ನಾನು ಬೇಡ ಎಂದಿಲ್ಲ. ಫೋನಿನ ಪಿನ್ ಬದಲಾಯಿಸಲೂ ಇಲ್ಲ. ‘ಬದಲಾಯಿಸಿ ಅಪ್ಪಾಜಿ, ನನಗೇ ಭಯ’ ಎಂದ. ‘ಬೇಡ, ತಿಂಗಳಿಗೊಂದು ಸಲ ಮೂವರೂ ಕೂತು ಪಾಸ್‌ಬುಕ್ ನೋಡೋಣ’ ಎಂದೆ. ಅಮಾವಾಸ್ಯೆಯ ದಿನ ಪೂಜೆಯಾದ ಮೇಲೆ ಆ ನೋಟ್‌ಬುಕ್ ತೆಗೆಯುತ್ತೀವಿ. ಒಂದೆರಡು ತಿಂಗಳು ತಪ್ಪಿದ್ದೂ ಉಂಟು. ಆಗ ಅವನೇ ನೆನಪಿಸಿದ.

ಇಲ್ಲಿರುವ ಅಪ್ಪಂದಿರಿಗೆ, ತಾಯಂದಿರಿಗೆ ನನ್ನದು ಒಂದೇ ಬಿನ್ನಹ. ನಾವು ಮಕ್ಕಳಿಗೆ ಕಷ್ಟ ಗೊತ್ತಾಗಬಾರದೆಂದು ಲೆಕ್ಕ ಮುಚ್ಚಿಡುತ್ತೀವಿ. ಆಮೇಲೆ ಮಕ್ಕಳಿಗೆ ಕಷ್ಟವೇ ಗೊತ್ತಿಲ್ಲ ಎಂದು ಬೈಯುತ್ತೀವಿ. ಇವತ್ತು ಮನೆಗೆ ಹೋದ ಮೇಲೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಹೆಣ್ಣುಮಕ್ಕಳನ್ನೂ. ಎಷ್ಟು ಬಂತು, ಎಷ್ಟು ಹೋಯಿತು, ಯಾರಿಗೆ ಎಷ್ಟು ಕೊಡಬೇಕು, ಹೇಳಿ. ಬಡ್ಡಿಯದನ್ನೂ ಹೇಳಿ. ಅವರು ತಿರುಗಿ ಪ್ರಶ್ನೆ ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಡಿ.